ಗುಂಡಿಯ ಬೆನ್ನು ತಿರುಗಿಸಿ ನೋಡಿ

ಈ ಸಲ ಗುಂಡಿಗಳದ್ದೇ ಕಾರುಬಾರು. ಹೊಲ ಉಳುವಾಗ, ಪಾಯ ತೋಡುವಾಗ, ಅಜ್ಜನ ಟ್ರಂಕಿನ ತಳದಲ್ಲಿ ಸಿಕ್ಕ ಗುಂಡಿ, ಬಕಲ್, ಬಿಲ್ಲೆಗಳ ಫೋಟೊ ಸಂಪಾದಕರ ಮೇಜಿನ ಮೇಲೆ ರಾಶಿ ಬಿದ್ದಿದೆ. ಮುಕ್ಕಾಲು ಪಾಲು ಪತ್ರಗಳಲ್ಲಿ ಒಂದೇ ಪ್ರಶ್ನೆ: ‘ಇದು ಟಿಪ್ಪು ಕಾಲದ್ದಾ?’

ನಮ್ಮಪ್ಪ ಶಿವಾಜಿನಗರದಲ್ಲಿ ದರ್ಜಿಗಳಿಗೆ ಗುಂಡಿ, ಲೇಸು, ಅಸ್ತರು ಮಾರುತ್ತಿದ್ದರು. ದಂಡಿನ ಟೈಲರುಗಳೇ ದೊಡ್ಡ ಗಿರಾಕಿಗಳು. ಆ ಅಂಗಡಿಯ ಗಲ್ಲಾದ ಹಿಂದೆ ಬೆಳೆದ ನನಗೆ ಗುಂಡಿ ಕೈಗೆ ಬಂದ ತಕ್ಷಣ ತಿರುಗಿಸಿ ಬೆನ್ನು ನೋಡುವ ಚಾಳಿ. ಸಿಂಹ, ಕಿರೀಟ, ಹದ್ದು ಎಲ್ಲ ಮುಂದೆ ಇರುತ್ತವೆ ನಿಜ. ಆದರೆ ವಯಸ್ಸು ಬಾಯಿಬಿಡುವುದು ಹಿಂಬದಿ. ಬೆನ್ನಿನ ಫೋಟೊ ಕಳಿಸದವರಿಗೆ ಈ ತಿಂಗಳು ಉತ್ತರವಿಲ್ಲ, ಬೇಸರ ಬೇಡ.

ಪ್ರಶ್ನೆ: ನಮ್ಮ ಜಮೀನು ಶ್ರೀರಂಗಪಟ್ಟಣದಿಂದ ಏಳೆಂಟು ಕಿಲೋಮೀಟರ್. ಕಬ್ಬಿಗೆ ಸಾಲು ಹೊಡೆಸುವಾಗ ಎರಡು ಗುಂಡಿ ಸಿಕ್ಕವು. ಒಂದು ಹಳದಿ, ಉಬ್ಬಾಗಿದೆ, ಮೇಲೆ ಸಿಂಹ, ಕೊಂಬಿನ ಕುದುರೆ, ಕಿರೀಟ. ಇನ್ನೊಂದು ಸೀಸದ ಹಾಗೆ ಬೂದು, ಚಪ್ಪಟೆ, ನಡುವೆ 33 ಅಂತ ಅಂಕಿ. ಎರಡೂ ಟಿಪ್ಪು ಯುದ್ಧದವೇ ಅಂತ ಊರಿನವರ ಮಾತು. ಚೆನ್ನಾಗಿರುವುದು ಹಳದಿಯದೇ, ಅದನ್ನು ಚೌಕಟ್ಟು ಹಾಕಿಸೋಣ ಅಂತಿದ್ದೀನಿ. ಹಾಕಿಸಬಹುದಾ ಸರ್?
— ಪಾಂಡವಪುರ ತಾಲ್ಲೂಕಿನ ರೈತರೊಬ್ಬರು

ಉತ್ತರ: ಚೌಕಟ್ಟು ಹಾಕಿಸುವುದಾದರೆ ಬೂದು ಬಣ್ಣದ್ದಕ್ಕೆ ಹಾಕಿಸಿ ಸ್ವಾಮಿ. ಹಳದಿಯದು ನಿಮ್ಮ ತಾತನಿಗಿಂತ ದೊಡ್ಡದೇನಲ್ಲ.

ಮೊದಲು ಅದರ ಲೆಕ್ಕ ಮುಗಿಸೋಣ. ಸಿಂಹ ಮತ್ತು ಕೊಂಬಿನ ಕುದುರೆ ಇರುವುದು ಬ್ರಿಟಿಷ್ ರಾಜಲಾಂಛನ. 1871ರವರೆಗೆ ಅವರ ಪದಾತಿ ಸಿಪಾಯಿಗಳ ಗುಂಡಿಯ ಮೇಲೆ ಆಯಾ ರೆಜಿಮೆಂಟಿನ ಅಂಕಿ ಇರುತ್ತಿತ್ತು. ಆ ವರ್ಷ ಖರ್ಚು ಕಡಿಮೆ ಮಾಡಲು ಎಲ್ಲರಿಗೂ ಒಂದೇ ನಮೂನೆ ಅಂತ ಮಾಡಿ, ಈ ಲಾಂಛನದ ಗುಂಡಿ ತಂದರು. ಹಾಗಾಗಿ ನಿಮ್ಮದು 1871ಕ್ಕಿಂತ ಹಳೆಯದಾಗುವ ಮಾತೇ ಇಲ್ಲ. ಇನ್ನು ಬೆನ್ನು. ಅಲ್ಲಿ ‘ಜೆ. ಆರ್. ಗಾಂಟ್ ಆಂಡ್ ಸನ್’ ಅಂತ ಇಂಗ್ಲಿಷಿನಲ್ಲಿ ಒತ್ತಿದೆ. ಬರ್ಮಿಂಗ್‌ಹ್ಯಾಮಿನ ಈ ಕಂಪನಿ ಶುರುವಾದದ್ದೇ 1884ರಲ್ಲಿ. ಕೊನೆಗೆ ಕಿರೀಟ ನೋಡಿ. ಮೇಲಿನ ಕಮಾನು ನಡುವೆ ತಗ್ಗದೆ ಗುಮ್ಮಟದ ಹಾಗೆ ಗುಂಡಗಿದೆ. ಅದು 1901ರಿಂದ 1952ರವರೆಗೆ, ಗಂಡು ದೊರೆಗಳ ಕಾಲದಲ್ಲಿ ಬಳಸಿದ ಕಿರೀಟ. 1952ರಲ್ಲಿ ಎಲಿಜಬೆತ್ ಪಟ್ಟಕ್ಕೆ ಬಂದ ಮೇಲೆ ಬಂದ ಕಿರೀಟದ ಕಮಾನು ನಡುವೆ ಒಳಕ್ಕೆ ತಗ್ಗಿರುತ್ತದೆ. ಅಲ್ಲಿಗೆ ನಿಮ್ಮ ಹಳದಿ ಗುಂಡಿ 20ನೇ ಶತಮಾನದ ಮೊದಲರ್ಧದ್ದು.

ಅದು ಕಬ್ಬಿನ ಗದ್ದೆಗೆ ಯಾಕೆ ಬಂತು ಅಂತ ಕೇಳುತ್ತೀರಿ. ಎರಡು ಮಹಾಯುದ್ಧ ಮುಗಿದ ಮೇಲೂ ದಂಡಿನ ಹಳೇ ಉಣ್ಣೆ ಕೋಟುಗಳು ಗುಜರಿಗೆ ಮೂಟೆಗಟ್ಟಲೆ ಬಂದವು. ಬೆಂಗಳೂರಿನ ಗುಜರಿಯಿಂದ ಸಂತೆಗೆ, ಸಂತೆಯಿಂದ ಊರಿಗೆ. ರಾತ್ರಿ ನೀರು ಕಟ್ಟುವವರು, ತೋಟ ಕಾಯುವವರು, ಮದುವೆ ಬ್ಯಾಂಡಿನವರು ಹಾಕಿಕೊಂಡದ್ದು ಅದನ್ನೇ. ನಮ್ಮ ಅಂಗಡಿಗೂ ಬ್ಯಾಂಡ್ ಸೆಟ್ಟಿನವರು ಬಂದು ಉದುರಿದ ಒಂದು ಹಿತ್ತಾಳೆ ಗುಂಡಿಗೆ ಜೊತೆ ಹುಡುಕುತ್ತಿದ್ದರು, ಸಿಂಹ ತಲೆಕೆಳಗಾಗಿ ಹೊಲಿದರೂ ಅವರಿಗೆ ಚಿಂತೆ ಇರಲಿಲ್ಲ. ಕೋಟು ಹರಿದ ಮೇಲೆ ತಿಪ್ಪೆಗೆ, ತಿಪ್ಪೆಯಿಂದ ಗೊಬ್ಬರದ ಜೊತೆ ಹೊಲಕ್ಕೆ. ಉಣ್ಣೆ ಕೊಳೆಯಿತು, ಹಿತ್ತಾಳೆ ಉಳಿಯಿತು. ನನ್ನ ಕೈಗೆ ಬಂದ ಹೊಲದ ಗುಂಡಿಗಳಲ್ಲಿ ಹೆಚ್ಚಿನವು ಈ ದಾರಿಯಲ್ಲಿ ಬಂದಂಥವೇ. ಗುಂಡಿ ಹುಟ್ಟಿದ ವರ್ಷ ಗೊತ್ತಾದ ಮಾತ್ರಕ್ಕೆ ಬಿದ್ದ ವರ್ಷ ಗೊತ್ತಾಗುವುದಿಲ್ಲ. ಹುಟ್ಟುವ ಮೊದಲು ಬಿದ್ದಿರಲಾರದು, ಅಷ್ಟು ಮಾತ್ರ ಖಾತ್ರಿ.

ಈಗ ಬೂದು ಬಣ್ಣದ್ದು. ಇದನ್ನು ನೋಡಿ ನಾನು ಕನ್ನಡಕ ಒರೆಸಿಕೊಂಡೆ.

ಇದು ಸೀಸ ಅಲ್ಲ, ಪ್ಯೂಟರ್. ತವರ ಹೆಚ್ಚು ಹಾಕಿದ ಮಿಶ್ರಲೋಹ. ಬ್ರಿಟಿಷ್ ಸೈನ್ಯದ ಗುಂಡಿಗಳ ಮೇಲೆ ರೆಜಿಮೆಂಟಿನ ಅಂಕಿ ಹಾಕಬೇಕು ಅಂತ ಆಜ್ಞೆಯಾದದ್ದು 1767ರಲ್ಲಿ. ಸಾಮಾನ್ಯ ಸಿಪಾಯಿಗೆ 1855ರವರೆಗೆ ಪ್ಯೂಟರಿನದ್ದೇ ಗುಂಡಿ, ಆಮೇಲೆ ಹಿತ್ತಾಳೆ. ಅಧಿಕಾರಿಗಳಿಗೆ ಚಿನ್ನ ಅಥವಾ ಬೆಳ್ಳಿಯ ಮುಲಾಮು, ಅಂದರೆ ತೆಳು ಲೇಪ, ಹಾಕಿದ್ದು. ಅವರ ಆ ಕಾಲದ ಗುಂಡಿಗಳಲ್ಲಿ ಎಷ್ಟೋ ಮೂಳೆಯ ಬಿಲ್ಲೆಯ ಮೇಲೆ ತೆಳು ತಗಡು ಹೊದಿಸಿದವು. ಮಣ್ಣಿನಲ್ಲಿ ಮೂಳೆ ಕರಗಿ ಸುಕ್ಕುಗಟ್ಟಿದ ತಗಡಷ್ಟೇ ಸಿಗುತ್ತದೆ, ಎಷ್ಟೋ ಜನ ಅದನ್ನು ಚಾಕೊಲೇಟ್ ಕಾಗದ ಅಂತ ಎಸೆದಿರುತ್ತಾರೆ. ನಿಮ್ಮದು ಅಚ್ಚಿಗೆ ಹೊಯ್ದ ಸಿಪಾಯಿ ಗುಂಡಿ. ಹಿಂದಿನ ಕೊಂಡಿಯನ್ನು ನೋಡಿ. ಕೊಂಡಿಯ ಬುಡದಲ್ಲಿ ಲೋಹ ದಿಬ್ಬದ ಹಾಗೆ ಎದ್ದಿದೆ, ಬೆಸುಗೆಯ ಗುರುತೇ ಇಲ್ಲ. ಕರಗಿದ ಲೋಹ ಹೊಯ್ಯುವಾಗಲೇ ತಂತಿಯ ಕೊಂಡಿಯನ್ನು ಒಳಗೆ ಕೂರಿಸಿದ್ದಾರೆ. ಆಮೇಲಿನ ತಗಡಿನ ಗುಂಡಿಗಳಲ್ಲಿ ಕೊಂಡಿಯನ್ನು ಬೇರೆಯಾಗಿ ಮಾಡಿ ಬೆಸೆದಿರುತ್ತಾರೆ.

33 ಅಂದರೆ 33ನೇ ಪದಾತಿ ರೆಜಿಮೆಂಟು. ಆರ್ಥರ್ ವೆಲ್ಲೆಸ್ಲಿ ಕರ್ನಲ್ ಆಗಿ ಇಲ್ಲಿಗೆ ಕರೆತಂದ ಪಡೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಈ ಪಡೆ ಅಲ್ಲಿತ್ತು. ಅದರ ಜೊತೆ 12, 73, 74, 75, 77ನೇ ರೆಜಿಮೆಂಟುಗಳು, ಸ್ಕಾಚ್ ಬ್ರಿಗೇಡ್, ಸ್ವಿಸ್ ಸೈನಿಕರ ಡಿ ಮ್ಯೂರಾನ್ ಪಡೆ ಎಲ್ಲ ಇದ್ದವು. 1767ರಿಂದ 1855ರವರೆಗಿನ ಗುಂಡಿ, ಆ ರೆಜಿಮೆಂಟು ಈ ನೆಲದಲ್ಲಿದ್ದ ಕೆಲವೇ ವರ್ಷ, ಸಿಕ್ಕ ಜಾಗ ಕೋಟೆಯ ಹತ್ತಿರ. ಮೂರೂ ಒಂದಕ್ಕೊಂದು ಹೊಂದುತ್ತವೆ. ನಿಮ್ಮ ಊರಿನವರ ಮಾತು ಈ ಗುಂಡಿಯ ಮಟ್ಟಿಗೆ ಬಹುತೇಕ ಸರಿ.

‘ಬಹುತೇಕ’ ಅಂದದ್ದು ಯಾಕೆಂದರೆ, ಯುದ್ಧ ಮುಗಿದ ಮೇಲೂ ಶ್ರೀರಂಗಪಟ್ಟಣದಲ್ಲಿ ಬ್ರಿಟಿಷ್ ಕಾವಲುಪಡೆ ಇತ್ತು. ಜ್ವರಕ್ಕೆ ಜನ ಸಾಯುವುದು ತಾಳಲಾರದೆ 1809ರಲ್ಲಿ ದಂಡನ್ನು ಬೆಂಗಳೂರಿಗೆ ಸಾಗಿಸಿದರು. ನಡುವಿನ ಆ ವರ್ಷಗಳಲ್ಲಿ ಸಿಪಾಯಿಗಳು ಕವಾಯತು ಮಾಡಿದರು, ಹಳ್ಳಿಗೆ ಕೋಳಿ ಕೊಳ್ಳಲು ಹೋದರು, ಕಾಲುವೆಯಲ್ಲಿ ಕೋಟು ಕಲ್ಲಿಗೆ ಬಡಿದು ಒಗೆಸಿದರು. ಗುಂಡಿ ಉದುರಲು ಕತ್ತಿ ಏಟೇ ಬೇಕಿಲ್ಲ, ಅಗಸರ ಕಲ್ಲು ಸಾಕು.

ಸಿಕ್ಕ ಜಾಗವನ್ನು ಪಹಣಿ ನಕ್ಷೆಯ ಮೇಲೆ ಗುರುತು ಮಾಡಿ, ಎಷ್ಟು ಆಳದಲ್ಲಿತ್ತು ಅಂತ ಬರೆದಿಡಿ. ಮೈಸೂರಿನಲ್ಲಿರುವ ಪುರಾತತ್ವ ಇಲಾಖೆಗೆ ಒಂದು ಪತ್ರ ಹಾಕಿ. ಪ್ಯೂಟರ್ ಮೆತ್ತಗಿನ ಲೋಹ, ಉಗುರಿನಿಂದಲೂ ಗೀಚಬೇಡಿ.

ಪ್ರಶ್ನೆ: ಅಜ್ಜಾರ ಕರೀ ಕೋಟಿನ್ಯಾಗ ಹಿತ್ತಾಳಿ ಗುಂಡಿ ಅದಾವ್ರಿ ಸರ. ಎಮ್ ಆಂಡ್ ಎಸ್ ಎಮ್ ಆರ್ ಅಂತ ಇಂಗ್ಲಿಷ್ ಅಕ್ಷರ. ಅಜ್ಜಾರು ಯಾವಾಗ ರೈಲ್ವೇ ಸೇರಿದ್ರು ಅಂತ ಮನ್ಯಾಗ ಯಾರಿಗೂ ಗೊತ್ತಿಲ್ಲ. ಗುಂಡಿ ನೋಡಿ ಹೇಳಾಕ ಬರ್ತೈತೇನು?
— ಹುಬ್ಬಳ್ಳಿಯ ಓದುಗರು

ಉತ್ತರ: ಬರ್ತೈತ್ರಿ, ಅರ್ಧ. ಅದು ಮದ್ರಾಸ್ ಆಂಡ್ ಸದರ್ನ್ ಮರಾಠಾ ರೈಲ್ವೇ. ಮದ್ರಾಸ್ ರೈಲ್ವೇಯನ್ನೂ ಸದರ್ನ್ ಮರಾಠಾ ರೈಲ್ವೇಯನ್ನೂ ಕೂಡಿಸಿ 1908ರಲ್ಲಿ ಮಾಡಿದ ಕಂಪನಿ. 1951ರ ಏಪ್ರಿಲ್ 14ರಂದು ಅದು ಸೌತ್ ಇಂಡಿಯನ್ ರೈಲ್ವೇ, ಮೈಸೂರು ಸ್ಟೇಟ್ ರೈಲ್ವೇಗಳ ಜೊತೆ ಸೇರಿ ದಕ್ಷಿಣ ರೈಲ್ವೆ ಆಯಿತು. ಕೋಟು ಈ 43 ವರ್ಷದ ಒಳಗಿನದು. ಅಕ್ಷರ ಬರೀ ಎಸ್ ಎಮ್ ಆರ್ ಅಂತಷ್ಟೇ ಇದ್ದಿದ್ದರೆ 1908ಕ್ಕೂ ಹಿಂದಕ್ಕೆ ಹೋಗಬಹುದಿತ್ತು. ಹೆಸರು ಬದಲಾದ ಕಂಪನಿಗಳಿಂದ ನಮ್ಮಂಥವರಿಗೆ ದೊಡ್ಡ ಉಪಕಾರ. ಗುಂಡಿ ಕೀಳಬೇಡಿ, ಕೋಟಿನಲ್ಲೇ ಇರಲಿ. ಒಳ ಜೇಬಿನ ಹತ್ತಿರ ದರ್ಜಿಯ ಚೀಟಿಯೋ ಮಸಿಯಲ್ಲಿ ಬರೆದ ನಂಬರೋ ಇದೆಯಾ ನೋಡಿ, ಅಜ್ಜನ ಬಗ್ಗೆ ಗುಂಡಿಗಿಂತ ಹೆಚ್ಚು ಅದು ಹೇಳೀತು.

ಪ್ರಶ್ನೆ: ಹಳೇ ಮನೆ ಕೆಡವಿದಾಗ ಅಟ್ಟದ ಮೇಲೆ ಅಂಗೈಯಗಲದ ಹಿತ್ತಾಳೆ ಬಿಲ್ಲೆ ಸಿಕ್ಕಿತು. ಮೊಟ್ಟೆಯಾಕಾರ, ಗಂಡಭೇರುಂಡ ಇದೆ, ಕೆಳಗೆ ಮೈಸೂರು ಅಂತ ಕನ್ನಡ ಮತ್ತು ಇಂಗ್ಲಿಷಿನಲ್ಲಿ. ಹಿಂದೆ ಎರಡು ಪಟ್ಟಿ ಬೆಸೆದಿದ್ದಾರೆ. ಮಹಾರಾಜರ ಲ್ಯಾನ್ಸರ್ಸ್ ಕುದುರೆ ಪಡೆಯವರ ಸೊಂಟದ ಬಕಲ್ ಅಂತ ನನ್ನ ಮೈದುನ ವಾದ ಮಾಡುತ್ತಾರೆ. ದಯವಿಟ್ಟು ತೀರ್ಪು ಕೊಡಿ.
— ಮೈಸೂರಿನ ಓದುಗರು (ಗೃಹಿಣಿ)

ಉತ್ತರ: ತಾಯಿ, ಮೈದುನನಿಗೆ ಬೇಸರವಾದರೆ ನನ್ನ ಮೇಲೆ ಹಾಕಿ. ಇದು ಸೊಂಟದ ಬಕಲ್ ಅಲ್ಲ. ಬಕಲ್ ಆದರೆ ಪಟ್ಟಿಯನ್ನು ಬಿಗಿಯುವ ಮುಳ್ಳೋ ಕೊಕ್ಕೆಯೋ ಇರಬೇಕು, ಎಳೆತ ತಾಳುವಷ್ಟು ದಪ್ಪ ಇರಬೇಕು. ನಿಮ್ಮದರ ಹಿಂದಿರುವುದು ಬಟ್ಟೆಯ ಪಟ್ಟಿ ತೂರಿಸುವ ಎರಡು ಕುಣಿಕೆಗಳು. ಎಡ ಹೆಗಲಿಂದ ಬಲ ಸೊಂಟಕ್ಕೆ ಇಳಿಬೀಳುವ ದವಾಲಿಯ ಬಿಲ್ಲೆ ಇದು. ಕಚೇರಿಯ ಜವಾನರು, ದಫೇದಾರರು ಹಾಕುತ್ತಿದ್ದದ್ದು. ಮೈಸೂರು ಲ್ಯಾನ್ಸರ್ಸ್ ಪಡೆ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಭರ್ಜಿ ಹಿಡಿದು ನುಗ್ಗಿದ್ದು ನಮಗೆಲ್ಲ ಹೆಮ್ಮೆಯ ವಿಷಯವೇ. ಹಾಗಂತ ಗಂಡಭೇರುಂಡ ಕಂಡಲ್ಲೆಲ್ಲ ಲ್ಯಾನ್ಸರ್ಸ್ ಬರುವುದಿಲ್ಲ.

ಗಂಡಭೇರುಂಡವೊಂದನ್ನೇ ನೋಡಿ ಕಾಲ ಹೇಳಲೂ ಬಾರದು. ಅದು ಅರಮನೆಯದೂ ಹೌದು, 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯದ ಲಾಂಛನದಲ್ಲೂ ಇದೆ, ಇವತ್ತಿನ ಕರ್ನಾಟಕ ಸರ್ಕಾರದ ಮುದ್ರೆಯಲ್ಲೂ ಇದೆ. ನೋಡಬೇಕಾದದ್ದು ಹಕ್ಕಿಯ ತಲೆಯ ಮೇಲೆ ಏನಿದೆ ಅಂತ. ಅಶೋಕಸ್ತಂಭದ ಸಿಂಹಗಳು ಭಾರತದ ಲಾಂಛನವಾದದ್ದು 1950ರ ಜನವರಿ 26ರಂದು. ಸಿಂಹಗಳಿದ್ದು ಕೆಳಗೆ ‘ಮೈಸೂರು’ ಅಂತಿದ್ದರೆ ಅದು 1950ರಿಂದ, ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ 1973ರ ನವೆಂಬರಿನ ತನಕದ್ದು. ‘ಕರ್ನಾಟಕ’ ಅಂತಲೇ ಇದ್ದರೆ ಆಮೇಲಿನದು. ನಿಮ್ಮದರಲ್ಲಿ ಸಿಂಹಗಳಿಲ್ಲ, ಮೈಸೂರು ಇದೆ. ಸಂಸ್ಥಾನದ ಕಾಲದ ಬಿಲ್ಲೆ ಅಂತ ಧೈರ್ಯವಾಗಿ ಹೇಳಿ. ಅಂಚಿನಲ್ಲಿ ಸಣ್ಣಗೆ ಕೊರೆದ ನಂಬರು ಇದ್ದರೆ ಅದು ಕಚೇರಿಯ ಸಾಮಾನು ಪುಸ್ತಕದ ನಂಬರು. ಜವಾನರು ನಿವೃತ್ತರಾದಾಗ ದವಾಲಿ ವಾಪಸು ಕೊಡಬೇಕಿತ್ತು. ನಿಮ್ಮ ಅಟ್ಟಕ್ಕೆ ಹೇಗೆ ಬಂತು ಅನ್ನುವುದನ್ನು ಮೈದುನನ ಹತ್ತಿರವೇ ವಿಚಾರಿಸಿ.

ಪ್ರಶ್ನೆ: ಬೆಳಗಾವಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಹಿತ್ತಾಳೆಯ ಬಕಲ್‌ಗಳನ್ನು ಕೊಂಡೆ. ಒಂದರಲ್ಲಿ ಬಾಣದ ಗುರುತು, ಅದರ ಕೆಳಗೆ ಐ ಅಕ್ಷರ, 1942. ಇನ್ನೊಂದು ಹಾವಿನಂತೆ ಎಸ್ ಆಕಾರದ ಕೊಕ್ಕೆ, ಯಾವ ಬರಹವೂ ಇಲ್ಲ.
— ಬೆಳಗಾವಿ

ಉತ್ತರ: ಮೊದಲನೆಯದು ತನ್ನ ಜಾತಕವನ್ನು ತಾನೇ ಹೇಳಿಕೊಂಡಿದೆ. ಬಾಣ ಬ್ರಿಟಿಷ್ ಸರ್ಕಾರಿ ಸೊತ್ತಿನ ಗುರುತು, ಐ ಇದ್ದರೆ ಭಾರತ ಸರ್ಕಾರದ್ದು. 1937ರ ನಮೂನೆ ಅನ್ನುವ ದಪ್ಪ ನೂಲಿನ ಪಟ್ಟಿಗಳ ಮೇಲೆ ಇಂಥವು ಇರುತ್ತಿದ್ದವು. ಎರಡನೇ ಮಹಾಯುದ್ಧದಲ್ಲಿ ಲೆಕ್ಕವಿಲ್ಲದಷ್ಟು ಮಾಡಿದ್ದಾರೆ, ಅಪರೂಪ ಏನಲ್ಲ. ಹಾವಿನ ಕೊಕ್ಕೆಯನ್ನು 19ನೇ ಶತಮಾನದಿಂದ ಮೊನ್ನೆಮೊನ್ನೆ ಶಾಲಾ ಹುಡುಗರ ಬೆಲ್ಟಿನವರೆಗೆ ಹಾಕಿದ್ದಾರೆ. ಬರಹವಿಲ್ಲದ ಹಾವಿಗೆ ವಯಸ್ಸು ಕಟ್ಟುವವರನ್ನು ನಂಬಬೇಡಿ.

ಪ್ರಶ್ನೆ: ನಾವಿರುವುದು ಅಮೆರಿಕದ ವರ್ಜೀನಿಯಾದಲ್ಲಿ, ರಿಚ್ಮಂಡ್ ಹತ್ತಿರ. ಹನ್ನೆರಡು ವರ್ಷದ ಮಗನಿಗೆ ಮೆಟಲ್ ಡಿಟೆಕ್ಟರ್ ಹುಚ್ಚು. ಅವನ ಸ್ನೇಹಿತನ ಮನೆಯ ಹಿತ್ತಿಲಲ್ಲಿ, ಅವರ ಒಪ್ಪಿಗೆ ಪಡೆದೇ, ಒಂದು ಗುಂಡಿ ಅಗೆದಿದ್ದಾನೆ. ಮುಂದೆ ಎದೆಗೆ ಗುರಾಣಿ ಕಟ್ಟಿಕೊಂಡ ಹದ್ದು, ಹಿಂದೆ ‘ಸ್ಕೋವಿಲ್ ಎಂಎಫ್‌ಜಿ ಕೊ. ವಾಟರ್‌ಬರಿ’. ಅದನ್ನು ನೋಡಿ ಉತ್ಸಾಹ ಬಂದು ನಮ್ಮೆಜಮಾನರು ಹಳೇ ಸಾಮಾನಿನ ಸಂತೆಯಲ್ಲಿ ಯುಎಸ್ ಅಂತ ಬರೆದ ಮೊಟ್ಟೆಯಾಕಾರದ ಬೆಲ್ಟಿನ ಬಕಲ್ ಕೊಂಡು ತಂದರು. ಎರಡೂ ಅಲ್ಲಿನ ಅಂತರ್ಯುದ್ಧದವೆ?
— ವರ್ಜೀನಿಯಾದ ಕನ್ನಡತಿ

ಉತ್ತರ: ಮಗ ಪಾಸು. ಯಜಮಾನರ ಫಲಿತಾಂಶ ಆಮೇಲೆ ಹೇಳುತ್ತೇನೆ.

ಕನೆಕ್ಟಿಕಟ್ ರಾಜ್ಯದ ವಾಟರ್‌ಬರಿಯ ಈ ಸ್ಕೋವಿಲ್ ಕಂಪನಿ ಕಾಲಕಾಲಕ್ಕೆ ಹೆಸರು ಬದಲಿಸಿ ನಮಗೆ ಪುಣ್ಯ ಕಟ್ಟಿಕೊಂಡಿದೆ. ಅಣ್ಣತಮ್ಮಂದಿರ ಹೆಸರಿನ ‘ಜೆ.ಎಂ.ಎಲ್. ಆಂಡ್ ಡಬ್ಲ್ಯು.ಎಚ್. ಸ್ಕೋವಿಲ್’ ಇದ್ದರೆ 1827ರಿಂದ 1840. ‘ಸ್ಕೋವಿಲ್ಸ್ ಆಂಡ್ ಕೊ.’ ಇದ್ದರೆ 1840ರಿಂದ 1850. ‘ಎಂಎಫ್‌ಜಿ ಕೊ.’, ಅಂದರೆ ಮ್ಯಾನುಫ್ಯಾಕ್ಚರಿಂಗ್ ಕಂಪನಿ, ಬಂದದ್ದು 1850ರ ನಂತರ. ಹಾಗಾಗಿ ಕೆಳಗಿನ ಗಡಿ ಸಿಕ್ಕಿತು. ಮೇಲಿನ ಗಡಿಗೆ ಹದ್ದನ್ನು ನೋಡಿ. 1902ರಲ್ಲಿ ಅಮೆರಿಕದ ಸೈನ್ಯ ಈ ಹಳೇ ಹದ್ದನ್ನು ಬಿಟ್ಟು ರಾಷ್ಟ್ರಮುದ್ರೆಯಲ್ಲಿರುವ ಹದ್ದನ್ನು ಗುಂಡಿಗೆ ತಂದಿತು. ಇನ್ನು ಭೂತಗನ್ನಡಿ ಹಿಡಿದು ಹದ್ದಿನ ಎದೆಯ ಗುರಾಣಿ ನೋಡಿ. ಅದರೊಳಗೆ ಐ, ಸಿ, ಎ ಅಂತ ಅಕ್ಷರವಿದ್ದರೆ ಪದಾತಿ, ಅಶ್ವದಳ, ಫಿರಂಗಿ ಪಡೆಯ ಅಧಿಕಾರಿಯದು. 1854ರಿಂದ ಸಾಮಾನ್ಯ ಸಿಪಾಯಿಗಳಿಗೆ ಅಕ್ಷರವಿಲ್ಲದ ಗೆರೆಗಳ ಗುರಾಣಿ. ನೀವು ಕಳಿಸಿದ ಫೋಟೊದಲ್ಲಿ ಬರೀ ಗೆರೆಗಳಿವೆ. ಅಂತರ್ಯುದ್ಧದಲ್ಲಿ ಉತ್ತರದ ರಾಜ್ಯಗಳ ಪಡೆಯಲ್ಲಿದ್ದ ಸಿಪಾಯಿಯ ಗುಂಡಿ.

ರಿಚ್ಮಂಡಿನ ದಕ್ಷಿಣಕ್ಕಿರುವ ಪೀಟರ್ಸ್‌ಬರ್ಗಿನ ಸುತ್ತ 1864ರ ಜೂನ್‌ನಿಂದ 1865ರ ಏಪ್ರಿಲ್‌ವರೆಗೆ ಲಕ್ಷಾಂತರ ಸೈನಿಕರು ಕಂದಕ ತೋಡಿ ಕೂತಿದ್ದರು, ಅದು ಅಲ್ಲಿ ಸಿಕ್ಕುವುದರಲ್ಲಿ ಆಶ್ಚರ್ಯವಿಲ್ಲ. ಆದರೂ ಮಗನಿಗೆ ಇನ್ನೊಂದು ಕತೆ ಹೇಳಿ. ಯುದ್ಧ ಮುಗಿದ ಮೇಲೆ ಸೋತ ದಕ್ಷಿಣದವರು ತಮ್ಮ ಕೋಟಿನ ಸೇನಾ ಗುಂಡಿಗಳನ್ನು ಕಿತ್ತುಹಾಕಬೇಕು ಅಂತ ಗೆದ್ದವರಿಂದ ಆಜ್ಞೆಯಾಯಿತು. ಮನೆಯಲ್ಲಿ ಬೇರೆ ಕೋಟಿಲ್ಲದವರು ಗುಂಡಿಯ ಮೇಲೆ ಬಟ್ಟೆ ಸುತ್ತಿ ಹೊಲಿದು ಹಾಕಿಕೊಂಡರು. ದಕ್ಷಿಣದವರ ಗುಂಡಿ ಸಿಕ್ಕರೆ ಕಾಳಗದಲ್ಲಿ ಬಿದ್ದದ್ದೋ, ಸೋತು ಮನೆಗೆ ಬಂದವನ ಹೆಂಡತಿ ಕತ್ತರಿಯಲ್ಲಿ ಕತ್ತರಿಸಿ ಹಿತ್ತಿಲಿಗೆ ಎಸೆದದ್ದೋ, ಎರಡೂ ಇರಬಹುದು. ಕೊಂಡಿಯಲ್ಲಿ ದಾರದ ಎಳೆ ಉಳಿದಿದೆಯಾ ಅಂತ ಅದಕ್ಕೇ ನಾನು ಮೊದಲು ನೋಡುವುದು. ತಾಮ್ರದ ಕಿಲುಬು ತಗಲಿದ ಕಡೆ ದಾರ ಬೇಗ ಕೊಳೆಯುವುದಿಲ್ಲ. ಕೊಂಡಿ ಕಿತ್ತು ಹೋಗಿದ್ದರೆ ಎಳೆದು ಬಿದ್ದದ್ದು. ಕೊಂಡಿ ನೆಟ್ಟಗಿದ್ದರೆ ದಾರ ಸವೆದೋ ಕತ್ತರಿಸಿಯೋ ಬಿದ್ದದ್ದು.

ಈಗ ಯಜಮಾನರ ಬಕಲ್. ಅಸಲಿ ಯುಎಸ್ ಬಕಲನ್ನು ತೆಳು ಹಿತ್ತಾಳೆ ತಗಡನ್ನು ಅಚ್ಚಿನಲ್ಲಿ ಒತ್ತಿ, ಹಿಂದಿನ ಟೊಳ್ಳಿಗೆ ಸೀಸ ತುಂಬಿ, ಆ ಸೀಸದಲ್ಲೇ ಕೊಕ್ಕೆಗಳನ್ನು ನೆಟ್ಟು ಮಾಡುತ್ತಿದ್ದರು. ಬೆನ್ನು ಬೂದು ಬಣ್ಣ, ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ಭಾರ. ನೀವು ಕಳಿಸಿದ್ದರ ಬೆನ್ನು ಪೂರಾ ಹಿತ್ತಾಳೆ, ಅಕ್ಷರದ ಅಂಚು ಸೋಪಿನ ಬಿಲ್ಲೆಯ ಹಾಗೆ ಮೊಂಡು, ಹಿಂದೆ ಈಗಿನ ಜೀನ್ಸ್ ಬೆಲ್ಟು ಹಾಕುವ ಕುಣಿಕೆ. ಪ್ಯಾಂಟಿಗೆ ಚೆನ್ನಾಗಿರುತ್ತದೆ, ಹಾಕಿಕೊಳ್ಳಲಿ.

ಒಂದು ಎಚ್ಚರ. ಅಲ್ಲಿನ ಕಾಳಗದ ಬಯಲುಗಳು ಎಷ್ಟೋ ರಾಷ್ಟ್ರೀಯ ಉದ್ಯಾನಗಳ ಪಾಲಾಗಿವೆ. ಆ ಜಾಗದಲ್ಲಿ ಡಿಟೆಕ್ಟರ್ ಆಡಿಸುವುದೇ ಅಪರಾಧ. ಕೇಂದ್ರ ಸರ್ಕಾರದ ನೆಲದ ಹಳೇ ವಸ್ತುಗಳಿಗೆ 1979ರ ಕಾಯ್ದೆ ಬೇರೆ ಇದೆ. ಗೆಳೆಯರ ಹಿತ್ತಿಲಿಗೇ ಹುಡುಗನನ್ನು ಕಟ್ಟಿಹಾಕಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ವೂಸ್ಟರ್ ಸಮೀಪ ಕೆಲಸ ಮಾಡುತ್ತೇನೆ, ಊರು ಶಿರಸಿ. ಇಲ್ಲಿನ ಗೆಳೆಯರ ಜೊತೆ ಹೊಲಗಳಲ್ಲಿ ಹುಡುಕಲು ಹೋಗುತ್ತೇನೆ. ಸಿಕ್ಕಿದ್ದು: ಆಯತಾಕಾರದ ಹಿತ್ತಾಳೆ ಚೌಕಟ್ಟು, ಹೂಬಳ್ಳಿ ಕೆತ್ತನೆ, ಎರಡು ಬದಿಯಲ್ಲಿ ನಡುವೆ ತೂತು, ತೂತಿನಲ್ಲಿ ತುಕ್ಕು. ಸಮತಟ್ಟಾಗಿಲ್ಲ, ಬಾಗಿದೆ. ಟ್ರ್ಯಾಕ್ಟರ್ ಹತ್ತಿ ಬಾಗಿದೆಯೋ?
— ವೂಸ್ಟರ್

ಉತ್ತರ: ನೆಟ್ಟಗೆ ಮಾಡಲು ಹೋಗಿಲ್ಲ ತಾನೆ? ಅದು ಬಾಗಿರಬೇಕಾದದ್ದೇ. ಕಾಲಿನ ಮೇಲ್ಭಾಗಕ್ಕೆ ಒಪ್ಪವಾಗಿ ಕೂರಲಿ ಅಂತ ಬಾಗಿಸಿದ ಷೂ ಬಕಲ್. ತೂತುಗಳಲ್ಲಿ ಕಬ್ಬಿಣದ ಕಡ್ಡಿ ಇತ್ತು. ಅದರ ಮೇಲೆ ಉಕ್ಕಿನ ಮುಳ್ಳು, ಕವಲು ಎಲ್ಲ ತಿರುಗುತ್ತಿದ್ದವು. ಕಬ್ಬಿಣ ತುಕ್ಕಾಗಿ ಹೋಗಿ ಚೌಕಟ್ಟು ಉಳಿದಿದೆ. 18ನೇ ಶತಮಾನದ್ದು. ಬರಬರುತ್ತಾ ದೊಡ್ಡದಾಗಿ 1770-80ರ ಹೊತ್ತಿಗೆ ಪಾದವನ್ನೇ ಮುಚ್ಚುವಷ್ಟು ಅಗಲವಾಗಿದ್ದವು. ನಿಮ್ಮದು ಏಳು ಸೆಂಟಿಮೀಟರ್ ಅಂದಿದ್ದೀರಿ, ಆ ದೊಡ್ಡ ಬಕಲ್‌ಗಳ ಕಾಲದ್ದೇ ಇರಬೇಕು. ಮೊಣಕಾಲಿನ ಹತ್ತಿರ ಚಲ್ಲಣ ಬಿಗಿಯುವ ಬಕಲ್ ಇದರ ಅರ್ಧವೂ ಇರುವುದಿಲ್ಲ.

1790ರ ಸುಮಾರಿಗೆ ಜನ ಲಾಡಿ ಕಟ್ಟುವ ಷೂಗೆ ತಿರುಗಿಕೊಂಡರು. ನಿಮ್ಮ ಪಕ್ಕದ ಬರ್ಮಿಂಗ್‌ಹ್ಯಾಮಿನಲ್ಲಿ ಬಕಲ್ ಮಾಡಿಯೇ ಬದುಕುತ್ತಿದ್ದ ಸಾವಿರಾರು ಕುಟುಂಬಗಳ ಕೈ ಖಾಲಿಯಾಯಿತು. ‘ನೀವಾದರೂ ಬಕಲ್ ಹಾಕಿ, ನೋಡಿ ನಾಲ್ಕು ಜನ ಹಾಕುತ್ತಾರೆ’ ಅಂತ 1791ರಲ್ಲಿ ಯುವರಾಜನಿಗೇ ಅರ್ಜಿ ಕೊಟ್ಟರು. ಅವನೂ ಹಾಕಿದ, ಆದರೆ ಫ್ಯಾಷನ್ ಯಾವತ್ತು ಅರ್ಜಿ ಕೇಳಿದೆ.

ಶಿರಸಿಯವರಾದ್ದರಿಂದ ಇನ್ನೊಂದು ಸಂಗತಿ. ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ ಹೆಸರು ಕೇಳಿರುತ್ತೀರಿ, ಜೇಮ್ಸ್ ವ್ಯಾಟ್ ಜೊತೆ ಉಗಿಯಂತ್ರ ಮಾಡಿದವನು. ಅವನ ಅಪ್ಪನ ಕಸುಬು ಬಕಲ್, ಗುಂಡಿ. ಮಗನೂ ಅದರಲ್ಲೇ ಪಳಗಿದವನು. ತಗಡನ್ನು ಅಚ್ಚಿನಲ್ಲಿ ಒತ್ತುವ ಆ ಕಸುಬೇ ಮುಂದೆ ಅವನ ಸೋಹೋ ಟಂಕಸಾಲೆಯಲ್ಲಿ ನಾಣ್ಯ, ಪದಕಗಳಾಯಿತು. ಶ್ರೀರಂಗಪಟ್ಟಣ ಗೆದ್ದವರಿಗೆ ಈಸ್ಟ್ ಇಂಡಿಯಾ ಕಂಪನಿ ಹಂಚಿದ, ಹುಲಿಯ ಮೇಲೆ ಸಿಂಹ ಎರಗಿರುವ ಪದಕವನ್ನು ಒತ್ತಿದ್ದು ಅಲ್ಲೇ. ದೊಡ್ಡವರಿಗೆ ಚಿನ್ನದ್ದು, ಕೆಳಗಿನವರಿಗೆ ಬೆಳ್ಳಿ, ಕಂಚು, ದೇಶೀ ಸಿಪಾಯಿಗೆ ತವರದ್ದು.

ಅಲ್ಲಿನ ಕಾಯ್ದೆಯ ಪ್ರಕಾರ ಒಂಟಿ ಹಿತ್ತಾಳೆ ಬಕಲ್ ನಿಧಿಯಲ್ಲ, ಆದರೆ ಜನಕ್ಕೆ ಸಿಕ್ಕ ಹಳೇ ವಸ್ತುಗಳನ್ನು ದಾಖಲಿಸುವ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮಿನವರಿಗೆ ತೋರಿಸಿ ಜಾಗ ದಾಖಲು ಮಾಡಿಸಿ. ದುಡ್ಡು ಕೇಳುವುದಿಲ್ಲ, ವಸ್ತು ಕಿತ್ತುಕೊಳ್ಳುವುದಿಲ್ಲ. ಈ ವ್ಯವಸ್ಥೆ ನೋಡಿದರೆ ನನಗೆ ಹೊಟ್ಟೆಕಿಚ್ಚು.

ಪ್ರಶ್ನೆ: ಕಾಫಿ ತೋಟದ ಕೂಲಿಯವರ ಹಳೇ ಲೈನ್ ಮನೆಗಳ ಹಿಂದೆ ಮಳೆ ಬಂದಾಗಲೆಲ್ಲ ಬಿಳೀ ಗುಂಡಿಗಳು ಮೇಲೆ ಬರುತ್ತವೆ. ನಾಲ್ಕು ತೂತು, ಹಾಲಿನಂತೆ ಬಿಳುಪು. ಗಾಜೋ, ಪ್ಲಾಸ್ಟಿಕ್ಕೋ?
— ಸುಂಟಿಕೊಪ್ಪದ ಓದುಗರು

ಉತ್ತರ: ಎರಡೂ ಅಲ್ಲ, ಪಿಂಗಾಣಿ. ಹಲ್ಲಿಗೆ ತಾಗಿಸಿದರೆ ತಣ್ಣಗೆ, ಗಟ್ಟಿಯಾಗಿ ಟಕ್ ಅನ್ನುತ್ತದೆ, ಪ್ಲಾಸ್ಟಿಕ್ ಹಾಗನ್ನುವುದಿಲ್ಲ. ಮುಖ ನುಣ್ಣಗೆ ಹೊಳೆಯುತ್ತದೆ. ಬೆನ್ನನ್ನು ಓರೆ ಬೆಳಕಿನಲ್ಲಿ ನೋಡಿದರೆ ನಿಮ್ಮ ಕೊಡಗಿನ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಕುಳಿ. ಒಣ ಜೇಡಿ ಪುಡಿಯನ್ನು ಅಚ್ಚಿನಲ್ಲಿ ಜೋರಾಗಿ ಒತ್ತಿ ಸುಡುವ ಈ ವಿಧಾನಕ್ಕೆ ರಿಚರ್ಡ್ ಪ್ರಾಸರ್ 1840ರಲ್ಲಿ ಪೇಟೆಂಟ್ ಪಡೆದ, ಅವನೂ ಬರ್ಮಿಂಗ್‌ಹ್ಯಾಮಿನವನೇ. ಆಮೇಲೆ ಫ್ರಾನ್ಸಿನ ಬ್ರಿಯಾರ್ ಎಂಬಲ್ಲಿ ಬಾಪ್ಟೆರೋಸ್ ಕಾರ್ಖಾನೆಯವರು ಒಂದೇ ಏಟಿಗೆ ನೂರಾರು ಒತ್ತುವ ಯಂತ್ರ ಮಾಡಿ ಪ್ರಪಂಚಕ್ಕೆಲ್ಲ ಅಗ್ಗದ ದರದಲ್ಲಿ ಮಾರಿದರು. ಅಗ್ಗ, ಒಗೆದರೂ ಬಣ್ಣ ಹೋಗುವುದಿಲ್ಲ, ಬಿಸಿನೀರಿಗೂ ಜಗ್ಗುವುದಿಲ್ಲ. ಒಳಅಂಗಿ, ರವಿಕೆ, ಮಕ್ಕಳ ಬಟ್ಟೆ, ದಿಂಬಿನ ಚೀಲ ಎಲ್ಲಕ್ಕೂ ಇದೇ. 20ನೇ ಶತಮಾನದ ನಡುವಿನ ತನಕ ಮಾಡಿದ್ದಾರಾದ್ದರಿಂದ ಒಂದೇ ಗುಂಡಿ ಹಿಡಿದು ವರ್ಷ ಹೇಳಲು ಬರುವುದಿಲ್ಲ. ಜೊತೆಗೆ ಸಿಕ್ಕ ಬಾಟಲಿ ಚೂರು, ನಾಣ್ಯ ಹೇಳಬೇಕು.

ಅಳತೆ ಮಾತ್ರ ಕಳಿಸಿ. ನಮ್ಮ ವ್ಯಾಪಾರದಲ್ಲಿ ಗುಂಡಿಯ ಅಳತೆ ಲೈನಿನಲ್ಲಿ, 40 ಲೈನಿಗೆ ಒಂದು ಇಂಚು. 18 ಲೈನ್ ಇದ್ದರೆ ಅಂಗಿಯದು, ಅದಕ್ಕಿಂತ ಚಿಕ್ಕವು ಹೆಚ್ಚಿದ್ದರೆ ಕೂಸುಗಳ ಬಟ್ಟೆ ಒಗೆದ ಜಾಗ. ಲೈನ್ ಮನೆಯ ಹೆಂಗಸರ ಬಗ್ಗೆ ತೋಟದ ಲೆಕ್ಕದ ಪುಸ್ತಕದಲ್ಲಿ ಹೆಬ್ಬೆಟ್ಟು, ಕೂಲಿ ಬಿಟ್ಟರೆ ಏನೂ ಇರುವುದಿಲ್ಲ. ಅವರ ಬಟ್ಟೆ ಹೇಗಿತ್ತು ಅಂತ ತಿಳಿಯಲು ಇವೇ ಗತಿ. ಸೇನೆಯ ಗುಂಡಿಗಳಿಗಿಂತ ನಿಮ್ಮ ಈ ಬಿಳೀ ಗುಂಡಿಗಳ ಡಬ್ಬಿ ನೋಡುವ ಆಸೆ ನನಗೆ.

ಪ್ರಶ್ನೆ: ತೋಟದಲ್ಲಿ ಸಿಕ್ಕ ಗುಂಡಿಯನ್ನು ಹುಣಸೆಹಣ್ಣು, ಪೀತಾಂಬರಿ ಹಾಕಿ ಉಜ್ಜಿದೆ. ಅಲ್ಲಲ್ಲಿ ಇದ್ದ ಹೊಂಬಣ್ಣ ಹೋಗಿ ಕೆಂಪಗಾಯಿತು. ಹಿಂದೆ ಟ್ರೆಬಲ್ ಗಿಲ್ಟ್ ಅಂತ ಇದೆ. ಮತ್ತೆ ಹಳದಿ ಮಾಡಬಹುದೆ?
— ದಾವಣಗೆರೆ

ಉತ್ತರ: ಇಲ್ಲಮ್ಮ. ಹೋದದ್ದು ಬಣ್ಣ ಅಲ್ಲ, ಚಿನ್ನ.

ಪಾದರಸದಲ್ಲಿ ಚಿನ್ನ ಕರಗಿಸಿ ಗುಂಡಿಗೆ ಸವರಿ, ಬೆಂಕಿಯಲ್ಲಿ ಪಾದರಸ ಹಾರಿಸುವುದು ಹಳೇ ಮುಲಾಮು. ಕಳ್ಳ ಮುಲಾಮು ಹೆಚ್ಚಾಗಿ, ‘ಗಿಲ್ಟ್’ (ಚಿನ್ನದ ಮುಲಾಮಿನದು) ಅಂತ ಒತ್ತಲು ಇಷ್ಟು ಚಿನ್ನ ಇರಲೇಬೇಕು ಅಂತ ಇಂಗ್ಲೆಂಡಿನಲ್ಲಿ 1796ರಲ್ಲಿ ಕಾಯ್ದೆಯೇ ಬಂತು. ಆಮೇಲೆ ಪೈಪೋಟಿ: ಡಬಲ್ ಗಿಲ್ಟ್, ಟ್ರೆಬಲ್ ಗಿಲ್ಟ್, ಎಕ್ಸ್‌ಟ್ರಾ ರಿಚ್. ಇಂಥ ಬರಹ ಇರುವ ಚಪ್ಪಟೆ ಗುಂಡಿಗಳು ಹೆಚ್ಚಾಗಿ 19ನೇ ಶತಮಾನದ ಮೊದಲರ್ಧದವು. 1840ರಲ್ಲಿ ಎಲ್ಕಿಂಗ್ಟನ್ ಕಂಪನಿ ವಿದ್ಯುತ್ತಿನಿಂದ ಮುಲಾಮು ಹಾಕುವ ಪೇಟೆಂಟ್ ಪಡೆದ ಮೇಲೆ ಬೆಂಕಿ ಮುಲಾಮು ನಿಧಾನಕ್ಕೆ ಮೂಲೆ ಸೇರಿತು. ಹುಳಿ ಕಿಲುಬನ್ನು ತಿನ್ನುವಾಗ ಕಿಲುಬಿನ ಮೇಲೆ ಕೂತ ಚಿನ್ನದ ಪೊರೆಯೂ ಎದ್ದು ಬರುತ್ತದೆ. ಪುಡಿ ಉಳಿದದ್ದನ್ನು ಕೆರೆಯುತ್ತದೆ. ಹುಳಿ ಹಿತ್ತಾಳೆಯ ಮೇಲ್ಪದರದಲ್ಲಿರುವ ಸತುವನ್ನೂ ತೆಗೆದು ತಾಮ್ರ ಬಿಡುತ್ತದೆ, ಆ ಕೆಂಪು ಅದೇ. ದೇವರ ದೀಪಕ್ಕೆ ಸರಿ, ಗುಂಡಿಗೆ ಬೇಡ.

ಎಲ್ಲರಿಗೂ ಹೇಳುತ್ತೇನೆ: ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ನೆನೆಸಿ, ಬಿದಿರಿನ ಹಲ್ಲುಕಡ್ಡಿಯಿಂದ ಮಣ್ಣು ಬಿಡಿಸಿ, ನೆರಳಲ್ಲಿ ಒಣಗಿಸಿ. ಅಷ್ಟೇ. ಕಬ್ಬಿಣದ ಬಕಲ್‌ಗೆ ಅದೂ ಬೇಡ, ಒಣ ಕುಂಚ ಸಾಕು. ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿ ಮುಚ್ಚಿಡಿ. ಹಸಿರು ಕಿಲುಬು ಪುಡಿಪುಡಿಯಾಗಿ ಉದುರುತ್ತಿದ್ದರೆ ಬೇರೆ ಗುಂಡಿಗಳಿಂದ ದೂರ ಇಡಿ. ನಿಮ್ಮದರ ಬೆನ್ನಿನ ಬರಹ ಉಳಿದಿದೆ, ಸಮಾಧಾನ ಮಾಡಿಕೊಳ್ಳಿ.

ಪ್ರಶ್ನೆ: ಇಂಜಿನಿಯರಿಂಗ್ ವಿದ್ಯಾರ್ಥಿ. ಇವನ್ನೆಲ್ಲ ನೋಡಿ ಮೆಟಲ್ ಡಿಟೆಕ್ಟರ್ ಕೊಳ್ಳುವ ಮನಸ್ಸಾಗಿದೆ. ಶ್ರೀರಂಗಪಟ್ಟಣ, ಚಿತ್ರದುರ್ಗ ಕೋಟೆ ಸುತ್ತ ಹುಡುಕಿ, ಸಿಕ್ಕದ್ದನ್ನು ಆನ್‌ಲೈನಿನಲ್ಲಿ ಮಾರಿದರೆ ಎಷ್ಟು ಸಿಕ್ಕೀತು?
— ತುಮಕೂರು

ಉತ್ತರ: ಕೇಸು ಸಿಕ್ಕೀತು. ಎರಡೂ ಕಡೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ಸ್ಮಾರಕಗಳಿವೆ, ಅಲ್ಲಿ ಅಗೆಯುವುದು ಅಪರಾಧ. ನಿಮ್ಮದೇ ಜಮೀನಾದರೂ ನೆಲದಡಿ ಬೆಲೆಯುಳ್ಳದ್ದು ಸಿಕ್ಕರೆ ನಿಧಿ ಕಾಯ್ದೆಯಡಿ ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು ಅನ್ನಿಸಿಕೊಳ್ಳುತ್ತದೆ. ಲೈಸೆನ್ಸಿಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದಾಚೆ ಕಳಿಸುವಂತೆಯೇ ಇಲ್ಲ.

2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನಲ್ಲಿ ಹಾಳುಬಾವಿಯಿಂದ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್‌ಗಳು ಎದ್ದು ಬಂದದ್ದು ನೆನಪಿದೆಯಾ? ಅವೆಲ್ಲ ಒಂದೇ ಕಡೆ ಕೂಡಿಟ್ಟಂತೆ ಇದ್ದವು, ಇಲಾಖೆಯವರೇ ಅಗೆದು ತೆಗೆದರು. ಅದಕ್ಕೇ ಅದು ಹೈದರ್-ಟಿಪ್ಪು ಕಾಲದ ಮದ್ದುಗುಂಡಿನ ದಾಸ್ತಾನು ಅಂತ ಗೊತ್ತಾದದ್ದು. ಒಬ್ಬೊಬ್ಬ ಹುಡುಗ ಒಂದೊಂದು ಎತ್ತಿಕೊಂಡು ಹೋಗಿದ್ದರೆ ಗುಜರಿಯವನ ತಕ್ಕಡಿಯಲ್ಲಿ ಕಬ್ಬಿಣದ ಕೊಳವೆ ಅಷ್ಟೇ.

ಆಸಕ್ತಿ ನಿಜವಾದದ್ದಾದರೆ ಡಿಟೆಕ್ಟರ್ ದುಡ್ಡಿನಲ್ಲಿ ಒಂದು ಒಳ್ಳೆ ಹತ್ತು ಪಟ್ಟಿನ ಭೂತಗನ್ನಡಿ ಕೊಂಡು, ಉಳಿದದ್ದು ಫೀಸಿಗೆ ಕಟ್ಟಿ. ಮನೆಯಲ್ಲಿ ಅಜ್ಜಿಯ ಹಳೇ ಗುಂಡಿ ಡಬ್ಬಿ ಇದ್ದೇ ಇರುತ್ತದೆ. ಅದನ್ನು ಪೇಪರಿನ ಮೇಲೆ ಸುರಿದು ಪಿಂಗಾಣಿ, ಚಿಪ್ಪು, ಹಿತ್ತಾಳೆ, ಬೇಕಲೈಟ್ (ಹಳೇ ಕಾಲದ ಪ್ಲಾಸ್ಟಿಕ್) ಬೇರೆ ಮಾಡಿ, ಮುಂದೆ ಹಿಂದೆ ಎರಡೂ ಫೋಟೊ ತೆಗೆದು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಕಳಿಸಿ. ಮುಂದಿನ ತಿಂಗಳು ಬೇಕಲೈಟ್ ಗುಂಡಿ, ಸೆಲ್ಯುಲಾಯ್ಡ್ ಗುಂಡಿಗಳ ವ್ಯತ್ಯಾಸ ಕೇಳಿದವರಿಗೆ ಉತ್ತರಿಸಬೇಕಿದೆ, ನಿಮ್ಮ ಅಜ್ಜಿಯ ಡಬ್ಬಿ ಉಪಯೋಗಕ್ಕೆ ಬಂದೀತು.